ಅವಸರವೂ ದಯೆಯೂ

ಕೆಲವು ವರ್ಷಗಳ ಹಿಂದೆ, ಕಾಸರಗೋಡು ಸೀಮೆಯ ನಮ್ಮ ಹಳ್ಳಿಶಾಲೆಯಲ್ಲಿ ತಪಾಸಣೆಯ ದಿನ. ಹಾಜರಿ ಪುಸ್ತಕಗಳನ್ನು ಸರಿಪಡಿಸುವ ಗಡಿಬಿಡಿಯಲ್ಲಿ ನಾನಿದ್ದೆ. ಮೂರನೆಯ ತರಗತಿಯ ಹುಡುಗನೊಬ್ಬ ಬಾಗಿಲ ಬಳಿ ಬಂದು ನಿಂತ. "ಈಗಲ್ಲ, ಮತ್ತೆ ಬಾ" ಎಂದೆ. ಅವನಿಗೆ ಜ್ವರ ಏರಿತ್ತೆಂಬುದು ನನಗೆ ತಿಳಿದದ್ದು ಮಧ್ಯಾಹ್ನ. ಅಂದು ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳಿಗೆ ದಯೆಯ ವಿಷಯ ಬೋಧಿಸಿದವನೂ ನಾನೇ!

ಇಂತಹ ವೈಪರೀತ್ಯವನ್ನೇ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ಪರೀಕ್ಷಿಸಿ, ಫಲವನ್ನು 1973ರಲ್ಲಿ ಪ್ರಕಟಿಸಿದರು. ಧರ್ಮಶಾಸ್ತ್ರ ಕಲಿಯುತ್ತಿದ್ದ 40 ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಮತ್ತೊಂದು ಕಟ್ಟಡಕ್ಕೆ ಕಿರುಭಾಷಣ ಮಾಡಲು ಕಳುಹಿಸಲಾಯಿತು. ಅವರಲ್ಲಿ ಕೆಲವರಿಗೆ ಕೊಟ್ಟ ವಿಷಯ, ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಉಪಚರಿಸಿದ ಸಮಾರ್ಯದವನ ಬೈಬಲ್ ಕಥೆ. ಹೋಗುವ ದಾರಿಯಲ್ಲಿ ಒಬ್ಬಾತನು ಕುಸಿದು ಕುಳಿತು, ಕೆಮ್ಮಿ ನರಳುತ್ತಿದ್ದನು. ಅವನನ್ನು ಕುಳ್ಳಿರಿಸಿದವರು ಪ್ರಯೋಗ ನಡೆಸುವವರೇ. ಸಮಯ ಧಾರಾಳವಿದ್ದವರಲ್ಲಿ ನೂರಕ್ಕೆ 63ರಷ್ಟು ಮಂದಿ ನೆರವಾದರು. "ಆಗಲೇ ತಡವಾಯಿತು" ಎಂದು ಅವಸರಪಡಿಸಿ ಕಳುಹಿಸಿದವರಲ್ಲಿ ನೆರವಾದವರು ನೂರಕ್ಕೆ 10ರಷ್ಟು ಮಾತ್ರ. ಭಾಷಣದ ವಿಷಯ ಯಾವುದಾಗಿದ್ದರೂ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಹಾಗೆಂದು ಅವರನ್ನು ಕಲ್ಲೆದೆಯವರೆನ್ನಲಾಗದು. ಅತ್ತ ಕಾದಿರುವವರಿಗೆ ಕೊಟ್ಟ ಮಾತು, ಇತ್ತ ನರಳುವವನು. ಈ ಇಕ್ಕಟ್ಟೇ ಕಾರಣವಾಗಿರಬಹುದೆಂದು ಆ ವಿದ್ವಾಂಸರೇ ಬರೆದರು.

ಆದರೆ ಒತ್ತಡವೆಲ್ಲವೂ ಕೈಯನ್ನು ಕಟ್ಟುವುದಿಲ್ಲ. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪರೀಕ್ಷಕರೆದುರು ಮಾತನಾಡಿ ಲೆಕ್ಕ ಮಾಡಬೇಕಾದ ಆತಂಕಕ್ಕೆ ಒಳಗಾದ ಗಂಡಸರು, ಹಾಗಿಲ್ಲದವರಿಗಿಂತ ಹೆಚ್ಚಾಗಿ ಇತರರನ್ನು ನಂಬಿದರು, ಹಣವನ್ನೂ ಹೆಚ್ಚು ಹಂಚಿಕೊಂಡರು. 2018ರ ಆಗಸ್ಟಿನ ಮಹಾನೆರೆಯಲ್ಲಿ ಕೇರಳದ ಮೀನುಗಾರರು ದೋಣಿಗಳನ್ನು ಲಾರಿಗಳಲ್ಲಿ ಹೇರಿಕೊಂಡು ನೆರವಿಗೆ ಧಾವಿಸಿದ್ದನ್ನು ನಾವು ಮರೆತಿಲ್ಲ. ಎಲ್ಲರಿಗೂ ಒದಗಿದ ಕಷ್ಟ ಜನರನ್ನು ಹತ್ತಿರ ತರಬಲ್ಲದು. ಗಡಿಯಾರದ ಭಯವಾದರೋ ಪಕ್ಕದಲ್ಲಿದ್ದವನನ್ನೇ ಮರೆಮಾಡುತ್ತದೆ.

ಆದುದರಿಂದ ತಾಯ್ತಂದೆಗಳಲ್ಲಿ ನನ್ನದೊಂದು ವಿನಂತಿ. ಪರೋಪಕಾರದ ಕಥೆಗಳನ್ನು ಮಕ್ಕಳಿಗೆ ಅವಶ್ಯ ಹೇಳಿರಿ. ಜೊತೆಗೆ ಬೆಳಿಗ್ಗೆ ಹತ್ತು ನಿಮಿಷ ಮುಂಚಿತವಾಗಿಯೇ ಅವರನ್ನು ಮನೆಯಿಂದ ಹೊರಡಿಸಿರಿ. ದಾರಿಯಲ್ಲಿ ಎಡವಿ ಬಿದ್ದ ಸಹಪಾಠಿಯನ್ನು ಎಬ್ಬಿಸಲು ಅವರಿಗೆ ವೇಳೆಯಿರಲಿ.

ನಾನಂತೂ ಅಂದಿನಿಂದ, ಎಷ್ಟೇ ಗಡಿಬಿಡಿಯಿದ್ದರೂ, ಬಾಗಿಲಲ್ಲಿ ನಿಂತ ಮಗುವನ್ನು "ಎಂತ ಮಗಾ?" ಎಂದು ಕೇಳಿದ ಮೇಲೆಯೇ ಪುಸ್ತಕ ಬಿಡಿಸುತ್ತೇನೆ.