ಮದ್ದು ಒಂದೇ, ಅರ್ಥ ಎರಡು: ಗಡಿಯ ಕೇಪಿನ ಕೋವಿಯ ಕಥೆ

ಕನ್ನಡದಲ್ಲಿ ಮದ್ದು ಅಂದರೆ ಔಷಧಿ. ಕೋವಿಗೆ ತುಂಬುವ ಕರಿಪುಡಿಯೂ ಮದ್ದೇ. ತೆಲುಗಿನವರು ಮಂದು ಅಂತಾರೆ, ಅಲ್ಲೂ ಎರಡರ್ಥ. ಮರಾಠಿಯಲ್ಲಿ ಕೇಳಿದರೆ ದಾರೂ, ಅದು ಕುಡಿಯೋದೂ ಹೌದು, ಸಿಡಿಯೋದೂ ಹೌದು. ಜೀವ ಉಳಿಸುವ ವಸ್ತುವಿಗೂ ಜೀವ ತೆಗೆಯುವ ವಸ್ತುವಿಗೂ ಒಂದೇ ಹೆಸರಿಟ್ಟ ಹಿರಿಯರು ಪ್ರಮಾಣ ತಪ್ಪಿದರೆ ಏನಾಗುತ್ತೆ ಅನ್ನೋದನ್ನು ಬಲ್ಲವರೇ ಇರಬೇಕು.

ಗೋವಾದ ಸತ್ತರಿ, ಸಾಂಗೆ, ಕಾಣಕೋಣ ತಾಲ್ಲೂಕುಗಳಿಂದ ಹಿಡಿದು ನಮ್ಮ ಖಾನಾಪುರ, ಜೋಯಿಡಾವರೆಗೂ ಕಾಡಂಚಿನ ರೈತನ ಗೋಳು ಒಂದೇ. ಹಂದಿ ಗದ್ದೆ ಉತ್ತು ಹೋಗುತ್ತೆ, ಮಂಗ ತೆಂಗಿನಕಾಯಿ ಕೀಳುತ್ತೆ, ಕಾಡುಕೋಣ ಬೆಳೆ ತುಳಿಯುತ್ತೆ. ಅದಕ್ಕೆ ಅಜ್ಜನ ಕಾಲದಿಂದ ಬಂದ ಉತ್ತರ ಕೇಪಿನ ಕೋವಿ. ಮರಾಠಿಯವರು ಇದನ್ನು ಠಾಸಣಿಯ ಬಂದೂಕು ಅಂತಾರೆ. ನಳಿಗೆಯ ಬಾಯಿಂದ ಮದ್ದು ಸುರಿದು, ಮೇಲೆ ಗುಂಡೋ ಚರೆಯೋ ಇಟ್ಟು, ಸಲಾಕೆಯಿಂದ ಜಡಿಯುವ ಕೋವಿ. ತೋಟಾ ಕೋವಿಯ ಹಾಗೆ ಕಂಪನಿಯಿಂದ ಅಳೆದು ಮುಚ್ಚಿ ಬಂದ ತೋಟಾ ಇದಕ್ಕಿಲ್ಲ. ಪ್ರತಿ ಈಡಿಗೂ ಕೈಯೇ ಅಳತೆ, ಕಣ್ಣೇ ತಕ್ಕಡಿ. ಇದರ ಅನುಕೂಲವೂ ಅದೇ, ಅಪಾಯವೂ ಅದೇ.

ಹಳೇ ನಂಟು

ಈ ಸೀಮೆಗೂ ಕೋವಿಗೂ ಐದು ಶತಮಾನದ ನಂಟು. 1510ರಲ್ಲಿ ಬಿಜಾಪುರದ ಆದಿಲಶಾಹಿಯಿಂದ ಗೋವಾ ಕಸಿದುಕೊಂಡ ಪೋರ್ತುಗೀಸ್ ಸೇನಾನಿ ಅಲ್ಬುಕರ್ಕ್, ಇಲ್ಲಿಯ ಕಮ್ಮಾರರು ಮಾಡಿದ ಕೋವಿಗಳು ಯುರೋಪಿನ ಬೊಹೆಮಿಯಾದ ಕೋವಿಗಳಿಗೆ ಕಡಿಮೆಯಿಲ್ಲ ಅಂತ ತನ್ನ ರಾಜನಿಗೆ ಬರೆದಿದ್ದ. ಹಳೇ ಗೋವಾದ ಪಕ್ಕದ ಪಣೇಲಿಯಲ್ಲಿ ಮದ್ದಿನ ಮನೆಯೇ ಇತ್ತು. 1852ರಲ್ಲಿ ದೀಪಾಜಿ ರಾಣೆ ಪೋರ್ತುಗೀಸರ ವಿರುದ್ಧ ಎದ್ದಾಗ ಸತ್ತರಿಯ ಕಾಡೇ ಕೋಟೆಯಾಯಿತು.

ಬ್ರಿಟಿಷರ ಕಡೆಗೂ ಬನ್ನಿ. 1857ರ ದಂಗೆಗೆ ಕಿಡಿ ಹೊತ್ತಿಸಿದ ಎನ್‌ಫೀಲ್ಡ್ ರೈಫಲ್ ಕೂಡ ಬಾಯಿಂದ ತುಂಬುವ ಕೋವಿಯೇ. ಮದ್ದು, ಗುಂಡು ಎರಡನ್ನೂ ಒಂದು ಕಾಗದದ ಪೊಟ್ಟಣದಲ್ಲಿ ಕಟ್ಟಿ ಕೊಡುತ್ತಿದ್ದರು. ಅದನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕು. ಅದಕ್ಕೆ ಸವರಿದ ಕೊಬ್ಬು ದನದ್ದೋ ಹಂದಿಯದ್ದೋ ಎಂಬ ಗುಮಾನಿ ದೇಶವನ್ನೇ ಅಲ್ಲಾಡಿಸಿತು. ಅದೇ ವರ್ಷ ಆಯುಧ ಒಪ್ಪಿಸಿ ಅಂತ ಕಾನೂನು ಬಂದಾಗ ಮುಧೋಳ ಸೀಮೆಯ ಹಲಗಲಿ ಬೇಡರು ಒಪ್ಪಲಿಲ್ಲ. ಊರೇ ಸುಟ್ಟುಹೋಯಿತು, ಲಾವಣಿ ಉಳಿಯಿತು. ಆಯುಧ ಕೊಡು ಅಂದರೆ ನಮ್ಮ ಜನ ಈಗಲೂ ಮುಖ ಗಂಟಿಕ್ಕುವುದಕ್ಕೆ ಹಿಂದೆ ಇಂಥ ನೆನಪುಗಳೂ ಇವೆ.

ಕೈಗೆ ಸಿಕ್ಕಿದ್ದು ತುಂಬಿದರೆ

ಈಗ ಮುಖ್ಯ ಮಾತಿಗೆ ಬರೋಣ. ಲೈಸೆನ್ಸಿನ ಅಂಗಡಿ ದೂರದ ಪೇಟೆಯಲ್ಲಿ, ಹಂದಿ ಮಾತ್ರ ಇವತ್ತು ರಾತ್ರಿಯೇ ಬರುತ್ತೆ. ಆಗ ಮನುಷ್ಯನ ತಲೆ ಓಡೋದು ಅಡ್ಡದಾರಿಗೆ. ಸೀಸದ ಗುಂಡಿನ ಬದಲು ಮೊಳೆ ಚೂರು, ಸೈಕಲ್ಲಿನ ಬಾಲು. ಅಂಗಡಿಯ ಮದ್ದಿನ ಬದಲು ಪಟಾಕಿ ಒಡೆದು ತೆಗೆದ ಪುಡಿ.

ಸೀಸವನ್ನೇ ಯಾಕೆ ಬಳಸಿದರು ಹಿರಿಯರು? ಅದು ಭಾರ, ಮೆತ್ತಗೆ. ನಳಿಗೆಯನ್ನು ಗೀರದೆ ಜಾರುತ್ತೆ. ರೈಫಲ್ ಆದರೆ ಒಳಗೆ ಸುರುಳಿ ಗೀರುಗಳಿರುತ್ತವೆ. ಮೆತ್ತನೆ ಸೀಸ ಆ ಗೀರುಗಳಿಗೆ ಕಚ್ಚಿಕೊಂಡು ತಿರುಗುತ್ತಾ ನೇರ ಹೋಗುತ್ತೆ. ಕಬ್ಬಿಣದ ಚೂರು ಕಚ್ಚೋದಿಲ್ಲ, ಕೆರೆಯುತ್ತೆ. ಅಡ್ಡಲಾಗಿ ಸಿಕ್ಕಿಕೊಂಡರೆ ಹಿಂದಿನ ಉರಿಗೆ ಹೊರದಾರಿ ಇಲ್ಲ. ನಳಿಗೆ ಸಣ್ಣದಾದಷ್ಟೂ ಸಿಕ್ಕಿಕೊಳ್ಳೋ ಸಂಭವ ಜಾಸ್ತಿ. ಪಟಾಕಿಯ ಪುಡಿಯದು ಇನ್ನೊಂದು ಕಥೆ. ಕೋವಿಯ ಮದ್ದು ಉರಿದು ಗುಂಡನ್ನು ತಳ್ಳುತ್ತೆ. ಸದ್ದಿಗಾಗಿ ಮಾಡಿದ ಪಟಾಕಿ ಪುಡಿ ಒಮ್ಮೆಲೇ ಒಡೆಯುತ್ತೆ. ತುಕ್ಕು ತಿಂದ ಅಜ್ಜನ ನಳಿಗೆ ಆ ಪೆಟ್ಟು ತಡೆಯೋಲ್ಲ. ಒಡೆದರೆ ಅದು ಒಡೆಯೋದು ಹಂದಿಯ ಹತ್ತಿರ ಅಲ್ಲ, ಹಿಡಿದವನ ಕೆನ್ನೆಯ ಹತ್ತಿರ. ಉಳಿದ ಕಣ್ಣು ಎಷ್ಟು, ಬೆರಳು ಎಷ್ಟು ಅಂತ ಎಣಿಸೋ ಹೊತ್ತಿಗೆ ಬೆಳೆಯ ಲೆಕ್ಕ ಯಾರಿಗೆ ಬೇಕು?

ಕಾನೂನು ಏನನ್ನುತ್ತೆ

1959ರ ಆಯುಧ ಕಾಯ್ದೆ ರೈತನನ್ನು ಮರೆತಿಲ್ಲ. ನಿಜವಾದ ಬೆಳೆ ರಕ್ಷಣೆಗೆ ಬಾಯಿಂದ ತುಂಬುವ ಕೋವಿಯ ಲೈಸೆನ್ಸು ಕೊಡಬಹುದು ಅಂತ ಅದರ 13ನೇ ಕಲಮಿನಲ್ಲೇ ಬರೆದಿದೆ. ಆ ಕೋವಿ ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯನಳಿಗೆಯ ಕೋವಿಗೂ ಅವಕಾಶ ಇದೆ. 2019ರ ತಿದ್ದುಪಡಿ ಲೈಸೆನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು, ಒಬ್ಬರಿಗೆ ಮೂರಿದ್ದ ಕೋವಿಯನ್ನು ಎರಡಕ್ಕೆ ಇಳಿಸಿತು. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ 2029ರವರೆಗೆ ಮುಂದುವರಿದಿದೆ. ಅದನ್ನು ನೋಡಿ ನಮಗೂ ಹಾಗೇ ಅಂದುಕೊಳ್ಳಬೇಡಿ.

ಇನ್ನೊಂದು ಮಾತು. ಕೋವಿಯ ಲೈಸೆನ್ಸು ಬೇಟೆಯ ಲೈಸೆನ್ಸಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಕಾಡುಕೋಣ ಮೊದಲ ಪಟ್ಟಿಯಲ್ಲಿದೆ. ಗೋವಾದಲ್ಲಿ ಅದು ರಾಜ್ಯಪ್ರಾಣಿ. 2022ರ ತಿದ್ದುಪಡಿಯಲ್ಲಿ ಕಾಡುಹಂದಿ ಎರಡನೇ ಪಟ್ಟಿಗೆ ಬಂತು. ಬೆಳೆ ಹಾಳು ಮಾಡುವ ಹಂದಿಯನ್ನು ಹೊಡೆಯಬೇಕಾದರೂ ಅರಣ್ಯ ಇಲಾಖೆಯ ಲಿಖಿತ ಅಪ್ಪಣೆ ಬೇಕು. ಗಡಿಯ ಜನಕ್ಕೆ ಮತ್ತೊಂದು ಎಚ್ಚರ: ಲೈಸೆನ್ಸಿನಲ್ಲಿ ಯಾವ ಸೀಮೆ ಬರೆದಿದೆಯೋ ಅಲ್ಲಿಗೆ ಮಾತ್ರ ಅದು ನಡೆಯುತ್ತೆ. ಆಚೆ ರಾಜ್ಯದಲ್ಲಿ ಅಳಿಯನ ಗದ್ದೆ ಇದೆ ಅಂತ ಕೋವಿ ಹೆಗಲಿಗೇರಿಸಿ ಘಟ್ಟ ಇಳಿದರೆ ನಾಕಾದಲ್ಲಿ ನಂಟಸ್ತಿಕೆ ಕೇಳೋರಿಲ್ಲ.

ಚುನಾವಣೆ ಬಂದಾಗಿನ ತೊಂದರೆ ಬೇರೆ. ಕೋವಿ ಠಾಣೆಯಲ್ಲಿ, ಬೆಳೆ ಹಂದಿಯ ಬಾಯಲ್ಲಿ. ಲೈಸೆನ್ಸುದಾರರೆಲ್ಲರೂ ಒಪ್ಪಿಸಲೇಬೇಕು ಅಂತೇನಿಲ್ಲ. ಪರಿಶೀಲನಾ ಸಮಿತಿ ಒಬ್ಬೊಬ್ಬರ ವಿಷಯ ನೋಡಿ ತೀರ್ಮಾನಿಸಬೇಕು ಅನ್ನೋದು ಆಯೋಗದ ಸೂಚನೆ. ಒಂಟಿಮನೆ, ಕಾಡಂಚಿನ ಗದ್ದೆ, ಪಹಣಿ ನಕಲು ಇವನ್ನು ತೋರಿಸಿ ಮೊದಲೇ ಅರ್ಜಿ ಕೊಡಿ. ಒಪ್ಪಿಸಿದರೆ ರಸೀದಿ ಪಡೆಯಿರಿ.

ಉಳಿದ ದಾರಿ

ಬೆಳೆ ಹಾಳಾದರೆ ಆ ದಿನವೇ ಫೋಟೋ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ. ಕಾಡುಪ್ರಾಣಿಯ ಹಾವಳಿಯನ್ನೂ ಫಸಲು ವಿಮೆಗೆ ಸೇರಿಸೋದಾಗಿ ಕೇಂದ್ರ ಸರ್ಕಾರ 2025ರ ನವೆಂಬರಿನಲ್ಲಿ ಪ್ರಕಟಿಸಿದೆ. 2026ರ ಮುಂಗಾರಿನಿಂದ ಜಾರಿ; 72 ಗಂಟೆಯೊಳಗೆ ತಿಳಿಸಬೇಕು. ಪರಿಹಾರದ ದುಡ್ಡು ಬೆಳೆಯ ಬೆಲೆಗೆ ಸರಿಹೋಗೋಲ್ಲ, ಅದೂ ತಡವಾಗಿ ಬರುತ್ತೆ, ಅದು ನಿಜ. ಆದರೆ ಅರ್ಜಿಯೇ ಹಾಕದಿದ್ದರೆ ಸರ್ಕಾರದ ಲೆಕ್ಕದಲ್ಲಿ ನಮ್ಮ ಗದ್ದೆಗೆ ಹಂದಿ ಬಂದೇ ಇಲ್ಲ.

ಸರ್ಕಾರ ಮಾಡಬೇಕಾದ್ದೂ ಇದೆ. ಲೈಸೆನ್ಸು ಕೊಟ್ಟ ಮೇಲೆ ಒಳ್ಳೆ ಮದ್ದುಗುಂಡು ತಾಲ್ಲೂಕು ಪೇಟೆಯಲ್ಲೇ ಸಿಗೋ ಹಾಗೆ ಮಾಡಲಿ. ಹಳೇ ನಳಿಗೆಗಳನ್ನು ಬಲ್ಲವರಿಂದ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಲಿ. ದಾರಿ ಹತ್ತಿರ ಇದ್ದರೆ ಯಾರೂ ಮೊಳೆ ಹುಡುಕೋಲ್ಲ. ಅಲ್ಲಿಯವರೆಗೆ ಗೂಡಿನ ಕೋವಿ ಗೂಡಿನಲ್ಲೇ ಇರಲಿ; ತಮಟೆ, ದೀಪ, ಬೇಲಿ, ನಾಲ್ಕು ಜನರ ಸರದಿ ಕಾವಲು ಗದ್ದೆಯಲ್ಲಿರಲಿ. ಬೆಳೆ ಹೋದರೆ ಮುಂದಿನ ಮಳೆಗೆ ಬಿತ್ತಬಹುದು, ಬಿತ್ತೋ ಕೈ ಇರಬೇಕು.