‘ಬರೂದಿಲ್ಲ’ ಅಲ್ಲ, ‘ಇನ್ನೂ ಬಂದಿಲ್ಲ’
ಬೆಲ್ಲದ ಬಾಗೇವಾಡಿಯಿಂದ ಬಸ್ ಹತ್ತಿ ಡಿಗ್ರಿ ಕಾಲೇಜಿಗೆ ಹೋಗೋ ಒಬ್ಬ ಹುಡುಗಿ ಅದಾಳ ಅಂತ ತಿಳ್ಕೋರಿ. ಮೊದಲ ಇಂಟರ್ನಲ್ ಟೆಸ್ಟಿನ್ಯಾಗ ಅಕೌಂಟ್ಸ್ ಕೈ ಕೊಡ್ತು. “ನನಗ ಇದು ಬರೂದಿಲ್ಲ ಬಿಡ್ರಿ ಸರ್” ಅಂದ್ಲು ತನ್ನ ಮೆಂಟರ್‌ಗೆ, ಅಂದ್ರ ದಾರಿ ತೋರ್ಸೋ ಮಾಸ್ತರಗ.

ಮೆಂಟರ್ ಕೆಲಸ ಶುರು ಆಗೂದ ಇಲ್ಲೆ. “ಧೈರ್ಯಾ ತಗೋವಾ” ಅಂದ್ರ ಸಾಲೂದಿಲ್ಲ. ಪೇಪರ್ ಮುಂದಿಟ್ಕೊಂಡು ಕೇಳಬೇಕು: ಎಲ್ಲಿ ತಪ್ಪೇತಿ? ಹೆಂಗ ಓದಿದಿ? ಮುಂದಿನ ವಾರ ಏನ್ ಬದಲ ಮಾಡ್ತಿ? ಕಬ್ಬಿನ ಹಾಲು ಕಡಾಯಿಗೆ ಬಿದ್ದ ಕೂಡ್ಲೆ ಬೆಲ್ಲ ಆಗತೈತೇನು? ಉರಿ ನೋಡಬೇಕು, ಮ್ಯಾಲಿನ ಕೊಳಿ ತೆಗೀಬೇಕು.

ಬುದ್ಧಿನೂ ಹಂಗ. ಅದು ಬೆಳೀತೈತಿ ಅಂತ ಮನೋವಿಜ್ಞಾನಿ ಕ್ಯಾರಲ್ ಡ್ವೆಕ್ 2006ರ ‘ಮೈಂಡ್‌ಸೆಟ್’ ಪುಸ್ತಕದಾಗ ಬರದ್ರು. ಬರೇ ಶ್ರಮ ಹೊಗಳಿದ್ರ ಸಾಲದು, ಓದೋ ರೀತಿನೂ ಬದಲಾಗಬೇಕು ಅಂತ ಆಮ್ಯಾಲ ಅವರ ಎಚ್ಚರಿಸಿದ್ರು.

ಕಾಲೇಜಿನ ಗುಣಮಟ್ಟ ಅಳೆಯೋ ನ್ಯಾಕ್‌ಗಂತ ಅಷ್ಟ ತುಂಬೋ ಮೆಂಟರ್ ಡೈರಿ ಯಾರಿಗೂ ಉಪಯೋಗಿಲ್ಲ. ಈ ವಾರನ ನಿಮ್ಮ ಮೆಂಟರ್ ಹತ್ರ ಹೋಗ್ರಿ, ಕಡಿಮಿ ಮಾರ್ಕ್ಸ್ ಬಂದ ಪೇಪರ್ ತಗೊಂಡು.