ತಲಪಾಡಿಯ ಗಡಿ, ಬಸ್ಸಿನ ದಾರಿ ಮತ್ತು ಆರೈಕೆಯ ಹೊರೆ

ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಕನ್ನಡಿಗರಿಗೆ ‘ದೊಡ್ಡಾಸ್ಪತ್ರೆ’ ಎಂದರೆ ಬಹುಮಟ್ಟಿಗೆ ಮಂಗಳೂರಿನ ಆಸ್ಪತ್ರೆಯೇ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಆಡಳಿತದ ದಿಕ್ಕು ತೆಂಕಣಕ್ಕೆ ತಿರುಗಿದರೂ ಹೆರಿಗೆ, ಶಸ್ತ್ರಚಿಕಿತ್ಸೆ, ದೀರ್ಘ ಕಾಯಿಲೆಗಳ ದಾರಿ ಬಡಗಣಕ್ಕೇ ಉಳಿಯಿತು. ಮಂಜೇಶ್ವರದಿಂದ ಮಂಗಳೂರು ಸುಮಾರು 20 ಕಿ.ಮೀ.; ಜಿಲ್ಲಾ ಕೇಂದ್ರವಾದ ಕಾಸರಗೋಡು ಪಟ್ಟಣ ಅದಕ್ಕಿಂತ ದೂರ. ವೆನ್ಲಾಕ್, ಲೇಡಿಗೋಷನ್ ಹಾಗೂ ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ನೋವನ್ನು ಕನ್ನಡದಲ್ಲೋ ತುಳುವಿನಲ್ಲೋ ಹೇಳಿಕೊಳ್ಳಬಹುದೆಂಬುದೂ ಈ ಆಯ್ಕೆಗೆ ಒಂದು ಕಾರಣ. ಆದುದರಿಂದ ಈ ದಾರಿಯಲ್ಲಿ ಬಸ್ಸಿನ ಮಾರ್ಗವೋ ಕೊನೆಯ ನಿಲ್ದಾಣವೋ ಬದಲಾದಾಗ ಅದನ್ನು ಕೇವಲ ಸಾರಿಗೆಯ ಪ್ರಶ್ನೆಯಾಗಿ ನೋಡಲಾಗದು. ಅದು ಆರೋಗ್ಯದ ಪ್ರಶ್ನೆ, ಆರೈಕೆ ಮಾಡುವವರ ದಿನಚರಿಯ ಪ್ರಶ್ನೆ. ಜೊತೆಗೆ ಭಾಷೆಯ ಪ್ರಶ್ನೆಯೂ ಹೌದು.

ಮಂಗಳೂರಿನ ನಗರ ಸಾರಿಗೆಯ ಖಾಸಗಿ ಬಸ್ಸುಗಳು ತಲಪಾಡಿಯಲ್ಲಿ ನಿಲ್ಲುತ್ತವೆ. ಅಲ್ಲಿಗೆ ಊರು ಮುಗಿಯುವುದಿಲ್ಲ, ರಾಜ್ಯ ಮುಗಿಯುತ್ತದೆ. ಒಂದು ರಾಜ್ಯದಲ್ಲಿ ಪಡೆದ ಪರವಾನಗಿ ಮತ್ತೊಂದು ರಾಜ್ಯದಲ್ಲಿ ಊರ್ಜಿತವಾಗಬೇಕಾದರೆ ಅಲ್ಲಿನ ಸಾರಿಗೆ ಪ್ರಾಧಿಕಾರದ ಮೇಲುಸಹಿ ಬೇಕು. ಎರಡು ರಾಜ್ಯಗಳ ನಡುವಣ ಬಸ್ಸುಗಳ ಸಂಖ್ಯೆ ಮತ್ತು ಮಾರ್ಗಗಳು ಪರಸ್ಪರ ಒಪ್ಪಂದದಿಂದ ನಿರ್ಧಾರವಾಗುತ್ತವೆ. ನೇರ ಬಸ್ಸು ತಪ್ಪಿದವರು ಗಡಿಯಲ್ಲಿಳಿದು ಇನ್ನೊಂದನ್ನು ಹಿಡಿಯಬೇಕು. ದೇರಳಕಟ್ಟೆಗೆ ಹೋಗುವವರು ತೊಕ್ಕೊಟ್ಟಿನಲ್ಲಿ ಮತ್ತೊಮ್ಮೆ ಇಳಿಯಬೇಕು.

ಇಳಿದು ಹತ್ತುವ ಈ ಕ್ರಿಯೆ ನಕ್ಷೆಯಲ್ಲಿ ಒಂದು ಚುಕ್ಕೆ ಮಾತ್ರ. ಅದರ ನಿಜವಾದ ಭಾರ ತಿಳಿಯಲು ಡಯಾಲಿಸಿಸ್‌ಗೆ ಹೋಗುವ ರೋಗಿಯೊಬ್ಬರನ್ನು ಊಹಿಸಿಕೊಳ್ಳಬಹುದು. ಸಾಮಾನ್ಯವಾಗಿ ಈ ಚಿಕಿತ್ಸೆ ವಾರಕ್ಕೆ ಮೂರು ಬಾರಿ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ನಡೆಯುತ್ತದೆ. ಹೋಗಿ ಬರುವುದೆಂದರೆ ವಾರಕ್ಕೆ ಆರು ಪಯಣ. ಮಾರ್ಗ ಬದಲಾಗಿ ಪ್ರತಿ ಪಯಣದಲ್ಲಿ ಒಂದು ಬಸ್ಸು ಬದಲಿಸಬೇಕಾಯಿತೆಂದುಕೊಳ್ಳೋಣ. ಎರಡನೆಯ ಬಸ್ಸು ಅರ್ಧ ಗಂಟೆಗೊಮ್ಮೆ ಬರುವುದಾದರೆ ಸರಾಸರಿ ಕಾಯುವಿಕೆ 15 ನಿಮಿಷ. ಅಂದರೆ ವಾರಕ್ಕೆ 90 ನಿಮಿಷ, ವರ್ಷಕ್ಕೆ 312 ಸಲ ಇಳಿದು ಹತ್ತುವ ಶ್ರಮ. ಜೊತೆಗಿರುವ ಮಗಳದೋ ಸೊಸೆಯದೋ ಸಮಯವನ್ನು ಸೇರಿಸಿದರೆ ಲೆಕ್ಕ ಇಮ್ಮಡಿಯಾಗುತ್ತದೆ. ನಡುಗುವ ಕಾಲುಗಳ ರೋಗಿಗೆ ಬಸ್ಸಿನ ಮೆಟ್ಟಿಲೇ ಒಂದು ಪರೀಕ್ಷೆ. ಬೀಡಿ ಕಟ್ಟಿಯೋ ತೋಟದ ಕೂಲಿಯಿಂದಲೋ ಸಂಸಾರ ನಡೆಸುವವಳಿಗೆ ಆ ಹೊತ್ತು ಕಳೆದುಹೋದ ಸಂಪಾದನೆ.

ಸ್ಪೇನಿನ ವಿದುಷಿ ಇನೆಸ್ ಸಾಂಚೆಸ್ ದೆ ಮದಾರಿಯಾಗ ಅವರು ರೂಪಿಸಿದ ‘ಆರೈಕೆಯ ಚಲನೆ’ ಎಂಬ ಪರಿಕಲ್ಪನೆ ಇಲ್ಲಿ ಉಪಯುಕ್ತ. ಸಾರಿಗೆ ಸಮೀಕ್ಷೆಗಳು ಉದ್ಯೋಗಕ್ಕಾಗಿ ಮಾಡುವ ಪಯಣವನ್ನು ಒಂದು ವರ್ಗವಾಗಿ ಎಣಿಸುತ್ತವೆ. ಮಕ್ಕಳಿಗಾಗಿ, ವೃದ್ಧರಿಗಾಗಿ, ರೋಗಿಗಳಿಗಾಗಿ ಮಾಡುವ ಪಯಣಗಳನ್ನು ಬೇರೆ ಬೇರೆ ಕಲಮುಗಳಲ್ಲಿ ಚದುರಿಸುತ್ತವೆ. ಹೀಗಾಗಿ ಹೆಚ್ಚಾಗಿ ಹೆಂಗಸರೇ ಹೊರುವ ಈ ಹೊರೆ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ. ಗಡಿನಾಡಿನಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ಮಲೆಯಾಳ ಬಾರದ ಹಿರಿಯರನ್ನು ತೆಂಕಣದ ಆಸ್ಪತ್ರೆಗೆ ಕರೆದೊಯ್ಯುವವರು ಶುಶ್ರೂಷಕರಷ್ಟೇ ಅಲ್ಲ, ದುಭಾಷಿಗಳೂ ಆಗಬೇಕು. ಬಡಗಣದ ಬಸ್ಸು ಕಡಿಮೆಯಾದಷ್ಟೂ ಇಂತಹ ದುಭಾಷಿಯ ಅಗತ್ಯ ಹೆಚ್ಚುತ್ತದೆ.

ಹೊಸ ಆಸ್ಪತ್ರೆ ಕಟ್ಟಿದ ಮಾತ್ರಕ್ಕೆ ಸಮಸ್ಯೆ ಪರಿಹಾರವಾಗದು. 2013ರಲ್ಲಿ ಶಂಕುಸ್ಥಾಪನೆಯಾದ ಕಾಸರಗೋಡು ಸರಕಾರಿ ವೈದ್ಯಕೀಯ ಕಾಲೇಜು ಇರುವುದು ಬದಿಯಡ್ಕ–ಪೆರ್ಲ ನಡುವಣ ಉಕ್ಕಿನಡ್ಕದಲ್ಲಿ, ಒಳನಾಡಿನ ಚೆರ್ಕಳ–ಕಲ್ಲಡ್ಕ ರಸ್ತೆಯ ಬದಿಯಲ್ಲಿ. ಕರಾವಳಿಯ ಮಂಜೇಶ್ವರ, ಉಪ್ಪಳದವರಿಗೆ ಅದು ಜಿಲ್ಲೆಯೊಳಗಿದ್ದೂ ನೇರ ದಾರಿಯಲ್ಲಿಲ್ಲ. ಆದರೆ ಎಣ್ಮಕಜೆಯಂತಹ ಗ್ರಾಮಗಳಿಗೆ ಅದು ಹತ್ತಿರ. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನಿನ ಬಾಧೆಯನ್ನು ಉಣ್ಣುತ್ತಿರುವ ಊರುಗಳವು. ಅಲ್ಲಿ ಬೆಳೆದ ಮಗನನ್ನು ಸೊಂಟದ ಮೇಲೆ ಹೊತ್ತು ಬಸ್ಸು ಹತ್ತುವ ತಾಯಂದಿರಿಗೆ ಸುಪ್ರೀಂ ಕೋರ್ಟು 2017ರಲ್ಲಿ ಆದೇಶಿಸಿದ ಐದು ಲಕ್ಷ ರೂಪಾಯಿ ಪರಿಹಾರ ಎಷ್ಟು ಮುಖ್ಯವೋ, ಆಸ್ಪತ್ರೆಯ ಬಾಗಿಲವರೆಗೆ ಹೋಗುವ ಒಂದು ಬಸ್ಸೂ ಅಷ್ಟೇ ಮುಖ್ಯ.

ದಾರಿ ಪೂರ್ತಿ ಮುಚ್ಚಿದಾಗ ಏನಾಗುತ್ತದೆಂಬುದನ್ನು 2020 ತೋರಿಸಿಕೊಟ್ಟಿತು. ಆ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ಕರ್ನಾಟಕವು ಗಡಿರಸ್ತೆಗಳಿಗೆ ಮಣ್ಣು ಸುರಿದು ತಡೆಯೊಡ್ಡಿತು. ಮಂಗಳೂರಿಗೆ ತಲುಪಲಾಗದೆ ರೋಗಿಗಳು ಮೃತಪಟ್ಟ ವರದಿಗಳು ಬಂದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ಚಿಕಿತ್ಸೆಗಾಗಿ ಹೋಗುವವರ ತಡೆಯನ್ನು ನಿವಾರಿಸುವಂತೆ ಕೇಂದ್ರಕ್ಕೆ ನಿರ್ದೇಶಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ತಲಪಾಡಿಯಲ್ಲಿ ರೋಗಿಗಳನ್ನು ಬಿಡುವ ಕ್ರಮವೊಂದು ಏಪ್ರಿಲ್ 7ರ ಹೊತ್ತಿಗೆ ಇತ್ಯರ್ಥವಾಯಿತು. ಅಂದಿನ ಮುಚ್ಚುವಿಕೆ ಎಲ್ಲರ ಕಣ್ಣಿಗೆ ಬಿತ್ತು. ಬಸ್ಸೊಂದು ರದ್ದಾಗುವುದು, ಮಾರ್ಗವೊಂದು ಮೊಟಕಾಗುವುದು ಮಾತ್ರ ಯಾರ ಕಣ್ಣಿಗೂ ಬೀಳದ ಸಣ್ಣ ಮುಚ್ಚುವಿಕೆಗಳು. ರಾಷ್ಟ್ರೀಯ ಹೆದ್ದಾರಿ 66ರ ತಲಪಾಡಿ–ಚೆಂಗಳ ನಡುವಣ 39 ಕಿ.ಮೀ. ಆರು ಪಥವಾಗುವಾಗ ರಸ್ತೆ ದಾಟುವ ಜಾಗಗಳೇ ಬದಲಾದವು. ಬಸ್ಸಿನ ಫಲಕ ಅದೇ ಇದ್ದರೂ ತಂಗುದಾಣಕ್ಕೆ ನಡೆಯುವ ದೂರ ಬೇರೆಯಾಗಬಲ್ಲದು.

ಹಾಗಾದರೆ ಮಾತಾಡಲು ಎಡೆಯೆಲ್ಲಿ? 1988ರ ಮೋಟಾರು ವಾಹನ ಕಾಯ್ದೆಯ 88ನೆಯ ಕಲಮು ಈ ಎಡೆಯನ್ನು ಒದಗಿಸುತ್ತದೆ. ಅಂತರರಾಜ್ಯ ಪರವಾನಗಿಗಳ ಒಪ್ಪಂದದ ಪ್ರಸ್ತಾವವನ್ನು ಎರಡೂ ಸರಕಾರಗಳು ರಾಜ್ಯಪತ್ರದಲ್ಲಿಯೂ ಆ ಪ್ರದೇಶದಲ್ಲಿ ಪ್ರಸಾರವಿರುವ ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿಯೂ ಪ್ರಕಟಿಸಬೇಕು. ಅಹವಾಲುಗಳ ಪರಿಶೀಲನೆ ರಾಜ್ಯಪತ್ರದ ಪ್ರಕಟಣೆಯಿಂದ ಕನಿಷ್ಠ 30 ದಿನ ಕಳೆದ ಮೇಲೆಯೇ ನಡೆಯಬೇಕು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೂ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕನ್ನು ನೀಡಿದೆ. ಮಂಜೇಶ್ವರದ ಮಟ್ಟಿಗೆ ಕಾಯ್ದೆ ಹೇಳುವ ಆ ‘ಪ್ರಾದೇಶಿಕ ಭಾಷೆ’ಯಲ್ಲಿ ಕನ್ನಡ ಸೇರದಿದ್ದರೆ ಪ್ರಕಟಣೆಯ ಉದ್ದೇಶವೇ ಸೋಲುತ್ತದೆ.

ಭಾಷಾ ಹಕ್ಕನ್ನು ನಾವು ಹೆಚ್ಚಾಗಿ ಶಾಲೆ, ನಾಮಫಲಕ, ಅರ್ಜಿ ನಮೂನೆಗಳಲ್ಲಿ ಹುಡುಕಿದ್ದೇವೆ. ಬಸ್ಸಿನ ವೇಳಾಪಟ್ಟಿಯನ್ನೂ ಅದೇ ಕಣ್ಣಿನಿಂದ ಓದುವುದು ಅಗತ್ಯ. ಯಾವ ಊರಿನವರು ಯಾವ ಆಸ್ಪತ್ರೆಗೆ, ಯಾರ ಜೊತೆ, ಎಷ್ಟು ಬಸ್ಸು ಬದಲಿಸಿ ಹೋಗುತ್ತಾರೆಂಬ ದಾಖಲೆ ಊರೂರಿನಲ್ಲಿ ಸಿದ್ಧವಾಗಬೇಕು. ಮುಂದಿನ ಒಪ್ಪಂದದ ಪ್ರಸ್ತಾವ ಬಂದಾಗ ಸಕಾಲದಲ್ಲಿ ಕನ್ನಡದಲ್ಲಿ ಬರೆದ ಅಹವಾಲಿಗೆ ಅದೇ ಆಧಾರವಾಗುತ್ತದೆ.